ಬೀಳದವನ ಗುಡ್ಡ

ಬಳ್ಳಾರಿ ಸೀಮೆಯ ಮುದ್ದನಹಾಳಿಗೆ ಬಸ್ಸಿನಲ್ಲಿ ಹೋಗುವವರಿಗೆ ಊರಿಗಿಂತ ಮೊದಲು ಒಂದು ಬೋಳು ಗುಡ್ಡ ಕಾಣುತ್ತದೆ. ಮಣ್ಣಿನ ಗುಡ್ಡವಲ್ಲ, ಬಂಡೆಗಳ ರಾಶಿ. ತುದಿಯಲ್ಲಿ ಆನೆಯಷ್ಟು ದೊಡ್ಡ ದುಂಡು ಬಂಡೆಯೊಂದು ಅಂಗೈಯಗಲದ ಆಸರೆಯ ಮೇಲೆ ನಿಂತಿದೆ. ಅರ್ಧ ಎತ್ತರದಲ್ಲಿ ಚಪ್ಪಡಿ ಹಾಸಿದ ಅಗಲವಾದ ಕಟ್ಟೆ, ಕಟ್ಟೆಯ ಮುಂದೆ ಕೆಳಗಿಳಿದು ಹೋಗುವ ಕಲ್ಲಿನ ಇಳಿಜಾರು. ರಸ್ತೆಯ ಬದಿಗೆ ಯಾರೋ ಹಳದಿ ಫಲಕ ನೆಟ್ಟು 'ಬೀಳದ ಗುಂಡು' ಎಂದು ಬರೆಸಿದ್ದಾರೆ. ಬಂದವರು ಬಂಡೆಗೆ ಭುಜ ಕೊಟ್ಟು, ತಾವೇ ತಡೆದು ನಿಲ್ಲಿಸಿದವರ ಹಾಗೆ ಫೋಟೊ ತೆಗೆಸಿಕೊಂಡು ಹೋಗುತ್ತಾರೆ. ಫಲಕ ಹೇಳುವುದು ಸುಳ್ಳು. ಆ ಬಂಡೆಗೂ ಗುಡ್ಡದ ಹೆಸರಿಗೂ ಸಂಬಂಧವೇ ಇಲ್ಲ. ಊರಿನ ಹಿರಿಯರು ಅದನ್ನು ಕರೆಯುವುದು ಬೀಳದವನ ಗುಡ್ಡ ಎಂದು. ಅಲ್ಲಿ ಬೀಳದೆ ನಿಂತದ್ದು ಕಲ್ಲಲ್ಲ, ಒಬ್ಬ ಮನುಷ್ಯ. ಅವನ ಬೆನ್ನು ಗೂನಾಗಿತ್ತು, ಎಡಗಾಲು ಬಲಗಾಲಿಗಿಂತ ಗೇಣು ಗಿಡ್ಡ ಇತ್ತು. ಇಂಥವನ ನೆನಪಿಗೆ ಒಂದು ಗುಡ್ಡವನ್ನೇ ಬಿಟ್ಟುಕೊಡಲು ಫಲಕ ಬರೆಸಿದವರಿಗೆ ಮನಸ್ಸಾಗಲಿಲ್ಲ. ಅದಕ್ಕೇ ಹೆಸರನ್ನು ಕಲ್ಲಿಗೆ ಕೊಟ್ಟುಬಿಟ್ಟರು.

ಹಿಂದೆ ಒಮ್ಮೆ, ಊರ ಸುತ್ತ ಮಣ್ಣಿನ ಕೋಟೆಯೂ ಆ ಕೋಟೆಗೆ ಒಂದೇ ಅಗಸೆಬಾಗಿಲೂ ಇದ್ದ ಕಾಲದಲ್ಲಿ, ಮುದ್ದನಹಾಳಿನ ಊರಮ್ಮನಿಗೆ ವರ್ಷಕ್ಕೊಂದು ಹರಕೆಯ ಬಯಲಾಟ ಸಲ್ಲಬೇಕಿತ್ತು ಎನ್ನುತ್ತಾರೆ. ಆಟ ಯಾವಾಗಲೂ ಒಂದೇ, 'ಡೊಂಕಾಸುರನ ಕಾಳಗ'. ಆಟದ ದಿನ ಸಂಜೆ ಊರಿನ ಪ್ರತಿಯೊಂದು ಒಲೆಗೂ ನೀರು ಸುರಿಯುತ್ತಿದ್ದರು, ಕೆಂಡದ ಚೂರೂ ಉಳಿಯುವಂತಿರಲಿಲ್ಲ. ರಾತ್ರಿಯಿಡೀ ಗುಡ್ಡದ ಕಟ್ಟೆಯ ಮೇಲೆ ಆಟ ನಡೆದು, ಬೆಳಗಾಗುವ ಹೊತ್ತಿಗೆ ರಾಜಪುತ್ರ ಜಯಕೇತುವಿನ ಮರದ ಕತ್ತಿ ತಾಗಿ ಡೊಂಕಾಸುರ ಬೀಳಬೇಕು. ಅವನು ಬಿದ್ದ ಮೇಲೆ ಮಂಗಳ, ಮಂಗಳವಾದ ಮೇಲೆ ಆಟದ ಪಂಜಿನಿಂದ ಬೆಂಕಿ ಹೊತ್ತಿಸಿಕೊಂಡು ಹೋಗಿ ಮನೆಯ ಒಲೆ ಉರಿಸುವುದು. ಅಲ್ಲಿಯವರೆಗೆ ಕೂಸಿಗೆ ಎದೆಹಾಲು ಬಿಟ್ಟರೆ ಯಾರ ಬಾಯಿಗೂ ಏನೂ ಹೋಗುವಂತಿಲ್ಲ. ಸೂರ್ಯ ನೆತ್ತಿ ದಾಟುವುದರೊಳಗೆ ಇದೆಲ್ಲ ಮುಗಿಯದಿದ್ದರೆ ಹರಕೆ ಮುರಿಯಿತು, ಊರಮ್ಮ ಊರು ಬಿಟ್ಟಳು ಎಂದೇ ಅರ್ಥ. ರಕ್ಕಸ ಬೀಳುವ ಗಳಿಗೆಗಾಗಿ ಗಂಡಸರು ಪಂಚೆಯ ಚುಂಗಿನಲ್ಲಿ, ಹೆಂಗಸರು ಸೀರೆಯ ಮಡಿಲಲ್ಲಿ ಒಂದೊಂದು ಹಿಡಿ ನೊರಜುಗಲ್ಲು ಕಟ್ಟಿಕೊಂಡು ಬರುತ್ತಿದ್ದರು. ಅವನು ಬಿದ್ದ ಕೂಡಲೇ "ಬಿತ್ತೋ ಡೊಂಕು!" ಎಂದು ಕೂಗಿ ಕಟ್ಟೆಯ ಕಡೆಗೆ ಎಸೆಯಬೇಕು. ಇನ್ನೊಂದು ಕಟ್ಟಳೆಯೂ ಇತ್ತು. ಮಂಗಳವಾಗುವ ತನಕ ಕಟ್ಟೆಯ ಮೇಲಿನ ವೇಷಧಾರಿಗಳನ್ನು ಕೆಳಗಿನವರು ಯಾರೂ ಮುಟ್ಟುವಂತಿಲ್ಲ, ಮುಟ್ಟಿದರೂ, ಮರದ ಕತ್ತಿಯ ತಾಗಿನಿಂದಲ್ಲದೆ ಬೇರೆ ರೀತಿಯಲ್ಲಿ ಯಾರೇ ರಕ್ಕಸನನ್ನು ಕೆಡವಿದರೂ ಹರಕೆ ಮುರಿದಂತೆಯೇ.

ಡೊಂಕಾಸುರನಿಗೆ ಗೂನುಬೆನ್ನು, ಕುಂಟುಕಾಲು. ಯಾಕೆ ಎಂದು ಯಾರೂ ಕೇಳಿದವರಿಲ್ಲ. ಕೆಟ್ಟವನಲ್ಲವೇ, ಡೊಂಕಾಗಿಯೇ ಇರಬೇಕು ಎಂದು ಹಾಡು ಕಟ್ಟಿದವನಿಗೂ ಅನಿಸಿತ್ತು, ನೋಡಿದವರಿಗೂ ಅನಿಸಿತ್ತು. ಇವತ್ತಿನವರು ನಗಬೇಕಾಗಿಲ್ಲ. ಇವತ್ತಿನ ಸಿನಿಮಾದಲ್ಲೂ ಖಳನಾಯಕ ಬಂದ ಎಂದು ತೋರಿಸಬೇಕಾದರೆ ಮೊದಲು ಊರುಗೋಲಿನ ಸದ್ದು ಕೇಳಿಸುತ್ತಾರೆ, ಆಮೇಲೆ ಕುರುಡುಗಣ್ಣು ತೋರಿಸುತ್ತಾರೆ, ಆಮೇಲೆ ಸುಟ್ಟ ಕೆನ್ನೆ. ನಾಯಕನ ಮೈಮೇಲೆ ಒಂದು ಕಲೆಯೂ ಇರುವುದಿಲ್ಲ. ಊರಿನ ನೆಟ್ಟಗಿನ ಜನರೇ ಸಾಲ ಕೊಟ್ಟು ಹೊಲ ನುಂಗುತ್ತಾರೆ, ಬಾವಿಗೆ ಬೇಲಿ ಹಾಕುತ್ತಾರೆ, ಸೊಸೆಯನ್ನು ಸುಡುತ್ತಾರೆ. ಆದರೆ ಆಟದಲ್ಲಿ ಮಾತ್ರ ಪಾಪವೆಲ್ಲ ಗೂನಿನಲ್ಲೇ ಇರುತ್ತದೆ. ಮುದ್ದನಹಾಳಿನಲ್ಲಿ ಆ ವೇಷವನ್ನು ಮೊದಲು ಒಬ್ಬ ಗಟ್ಟಿಮುಟ್ಟಾದ ಆಳು ಹಾಕುತ್ತಿದ್ದನಂತೆ. ಬೆನ್ನಿಗೆ ದಿಂಬು ಕಟ್ಟಿ, ಒಂದು ಕಾಲನ್ನು ಮಡಿಸಿ ಹಗ್ಗ ಬಿಗಿದು ಅವನನ್ನು ಡೊಂಕು ಮಾಡುತ್ತಿದ್ದರು. ಅವನು ಮುದುಕನಾದ ವರ್ಷ ಆಟ ಕಲಿಸುವ ಜಂಬಯ್ಯನ ಕಣ್ಣು ಪುಂಡಿನಾರಿನ ಹಗ್ಗ ಹೊಸೆಯುತ್ತಿದ್ದ ಗಾದಿಲಿಂಗನ ಮೇಲೆ ಬಿತ್ತು. ಆಗ ಗಾದಿಲಿಂಗನಿಗೆ ಹದಿನಾರು ವರ್ಷ. ಜಂಬಯ್ಯ ಕೆಟ್ಟವನಲ್ಲ, ಅವನಿಗೆ ಕೆಲಸ ಹಗುರವಾದರೆ ಸಾಕಿತ್ತು. "ನಿನಗ ದಿಂಬು ಬ್ಯಾಡ, ಹಗ್ಗ ಬ್ಯಾಡ. ನೀನು ಹುಟ್ಟಿದ್ದೇ ವೇಷ ಹಾಕ್ಕೊಂಡು," ಎಂದು ನಕ್ಕು ಬೆನ್ನು ತಟ್ಟಿದ.

ಗಾದಿಲಿಂಗ ಒಪ್ಪಿಕೊಂಡ. ಒಪ್ಪಿದ್ದಕ್ಕೆ ಅವನನ್ನು ಬಯ್ಯುವವರು ವರ್ಷವಿಡೀ ಅವನು ಕೂತಿದ್ದ ಜಾಗದಲ್ಲಿ ಒಂದು ದಿನ ಕೂತು ನೋಡಬೇಕು. ಅಗಸೆಯ ಪಕ್ಕದಲ್ಲಿ ಕೂತು ಅವನು ಹೊಸೆದ ಹಗ್ಗವನ್ನು ಊರೆಲ್ಲ ಕೊಂಡುಕೊಳ್ಳುತ್ತಿತ್ತು, ಆದರೆ ಹಗ್ಗ ತೆಗೆದುಕೊಳ್ಳುವಾಗ ಯಾರೂ ಅವನ ಮುಖ ನೋಡುತ್ತಿರಲಿಲ್ಲ. ಬಸುರಿಯರು ಅವನ ಮುಂದೆ ಹಾಯುವಾಗ ಸೆರಗು ಅಡ್ಡ ಹಿಡಿಯುತ್ತಿದ್ದರು. ಆಟದ ದಿನ ಮಾತ್ರ ಸಾವಿರ ಜನ ಅವನನ್ನೇ ನೋಡುತ್ತಿದ್ದರು, ಅವನು ಬಾಯಿ ತೆರೆದರೆ ಸಾವಿರ ಜನ ಉಸಿರು ಹಿಡಿಯುತ್ತಿದ್ದರು. ಅವನ ಕಂಠ ಗುಡ್ಡದ ಬಂಡೆಗಳಿಗೆ ಬಡಿದು ಮರಳಿ ಬರುತ್ತಿತ್ತು. "ನೋಡಿರಯ್ಯಾ ನನ್ನ ದೇಹವ, ಹೊರಗೆ ಹೇಗೋ ಒಳಗೂ ಹಾಗೇ!" ಎಂದು ಡೊಂಕಾಸುರ ಕಟ್ಟೆಗೆ ಬರುತ್ತಲೇ ಹೇಳುವ ಮಾತಿಗೆ ಮಕ್ಕಳು ತಾಯಂದಿರ ಮಡಿಲಲ್ಲಿ ಮುಖ ಹುದುಗಿಸುತ್ತಿದ್ದವು. ಅದಕ್ಕೆ ಜಯಕೇತುವಿನ ಉತ್ತರ, "ಡೊಂಕು ಮೈಯಲಿ ನೆಟ್ಟನೆ ಜೀವ ನೆಲೆಸಲಾರದು." ಇಬ್ಬರ ಮಾತನ್ನೂ ಗಾದಿಲಿಂಗ ಮನೆಯಲ್ಲಿ ತಂಗಿ ಹೊನ್ನೂರಮ್ಮನ ಮುಂದೆ ಹೇಳಿ ಹೇಳಿ ಕಲಿತಿದ್ದ. ಎಲ್ಲಕ್ಕಿಂತ ಮಿಗಿಲಾಗಿ ಅವನು ಬೀಳುವುದನ್ನು ಕಲಿತಿದ್ದ. ಬೀಳುವುದು ಒಂದು ವಿದ್ಯೆ. ಕಟ್ಟೆಯ ಹಿಂದೆ ಹುಲ್ಲು ತುಂಬಿದ ಗುಂಡಿಯಿತ್ತು. ಕತ್ತಿ ಭುಜಕ್ಕೆ ತಾಗಿದ ಕೂಡಲೇ ಗಿಡ್ಡ ಕಾಲಿನ ಮೇಲೆ ಗಿರ್ರನೆ ತಿರುಗಿ, ಗೂನನ್ನು ಜನರ ಕಡೆಗೆ ಮಾಡಿ, ಹಿಂದಿನ ಹುಲ್ಲಿನ ಮೇಲೆ ಉರುಳಬೇಕು. ಹಾಗೆ ಬಿದ್ದರೆ ಜನ ಎಸೆದ ಕಲ್ಲು ಕಟ್ಟೆಯ ಮೋರೆಗೆ ಬಡಿದು ನಿಲ್ಲುತ್ತದೆ, ಬಿದ್ದವನ ಕೂದಲೂ ಕೊಂಕುವುದಿಲ್ಲ. ಹನ್ನೊಂದು ವರ್ಷ ಅವನು ಹಾಗೆಯೇ ಬಿದ್ದ. ಕಡೆಯ ಐದು ವರ್ಷ ಅವನನ್ನು ಕೊಂದ ಜಯಕೇತು ಊರಗೌಡ ಪಂಪನಗೌಡನ ಮಗ ಚನ್ನವೀರ. ಎತ್ತರದ ಆಳು, ಮುಖಕ್ಕೆ ಅರದಾಳದ ಹಳದಿ ಹಚ್ಚಿದರೆ ಬಂಗಾರದ ಗೊಂಬೆ. ಕತ್ತಿ ತಾಗಿಸಿದ ಮರುಗಳಿಗೆ ಅವನು ಕೈಯೆತ್ತಿ ಜನರ ಕಡೆ ತಿರುಗಿಬಿಡುತ್ತಿದ್ದ. ಐದು ವರ್ಷ ಕೊಂದರೂ ರಕ್ಕಸ ಹೇಗೆ ಬೀಳುತ್ತಾನೆ ಎಂದು ಒಮ್ಮೆಯೂ ನೋಡಿರಲಿಲ್ಲ.

ಆಟ ಮುಗಿಯುತ್ತಿತ್ತು, ಬಣ್ಣ ತೊಳೆಯುತ್ತಿತ್ತು, ಆದರೆ ಹೆಸರು ತೊಳೆಯುತ್ತಿರಲಿಲ್ಲ. ಮೊದಮೊದಲು ಹುಡುಗರು, ಆಮೇಲೆ ದೊಡ್ಡವರು ಅವನನ್ನು ಡೊಂಕಾಸುರ ಎಂದೇ ಕರೆಯತೊಡಗಿದರು. ಹೊನ್ನೂರಮ್ಮನಿಗೆ ಬೆನ್ನೂ ನೆಟ್ಟಗಿತ್ತು, ಕಾಲೂ ನೆಟ್ಟಗಿತ್ತು, ಆದರೂ ಅವಳು ರಕ್ಕಸನ ತಂಗಿಯಾದಳು. ಹನ್ನೊಂದನೆಯ ವರ್ಷದ ಆಟ ಮುಗಿದು ಮೂರು ದಿನವಾಗಿತ್ತು. ಚನ್ನವೀರ ಗೆಳೆಯರನ್ನು ಕಟ್ಟಿಕೊಂಡು ಬಾವಿಯ ಬಳಿ ಕೂತಿದ್ದ. ನಾರು ತೊಳೆಯಲು ಬಂದ ಹೊನ್ನೂರಮ್ಮನನ್ನು ಕಂಡು ಒಬ್ಬ ಜಯಕೇತುವಿನ ಮಾತು ಶುರುಮಾಡಿದ, ಉಳಿದವರು ದನಿಗೂಡಿಸಿದರು. "ಡೊಂಕು ಮೈಯಲಿ ನೆಟ್ಟನೆ ಜೀವ" ಎನ್ನುತ್ತ ನೊರಜುಗಲ್ಲು ಎಸೆದರು. ಅವಳು ತಿರುಗಿ, "ಮನಿಯಾಗ ಅಕ್ಕತಂಗೇರು ಇಲ್ಲೇನ್ರೋ ನಿಮಗ?" ಎಂದಳು. ಚನ್ನವೀರನ ಕೈಗೆ ಆಗ ಸಿಕ್ಕಿದ್ದು ನೊರಜಲ್ಲ, ನಿಂಬೆಹಣ್ಣಿನ ಗಾತ್ರದ ಕಲ್ಲು. ಅದು ಅವಳ ಎಡಗಣ್ಣಿಗೆ ಬಿತ್ತು. ಕಣ್ಣು ಉಳಿಯಲಿಲ್ಲ.

ಗಾದಿಲಿಂಗ ಚಾವಡಿಗೆ ಹೋದ. ಅಲ್ಲಿ ಮೂರು ಮೆಟ್ಟಿಲು. ಅವನು ಕೈಯೂರಿ ಹತ್ತುವುದನ್ನು ಎಲ್ಲರೂ ಕೂತಲ್ಲೇ ನೋಡಿದರು. ಪಂಪನಗೌಡ ಎಲೆಯಡಿಕೆ ಹಾಕಿಕೊಂಡು ನಿಧಾನವಾಗಿ ಹೇಳಿದ, "ಹುಡುಗರಿಗೆ ಆಟದ ಅಮಲು ಇನ್ನೂ ಇಳಿದಿದ್ದಿಲ್ಲಪ್ಪಾ. ನೀನು ರಕ್ಕಸ, ಆಕಿ ರಕ್ಕಸನ ತಂಗಿ, ಅವರು ಜಯಕೇತುನ ದಂಡು. ಆಟದಾಗಿಂದು ಆಟದಾಗೇ ಬಿಡಬೇಕು."

"ಕಣ್ಣು ಆಟದ್ದಲ್ಲ ಗೌಡ್ರೇ," ಎಂದ ಗಾದಿಲಿಂಗ.

ಚನ್ನವೀರ ಕಂಬಕ್ಕೆ ಒರಗಿ ನಿಂತಿದ್ದ. "ಇನ್ನೊಂದು ಉಳಿದೈತಲ್ಲೋ! ನಿನಗ ಒಂದೂವರೆ ಕಾಲು, ಆಕಿಗೆ ಒಂದು ಕಣ್ಣು. ಇಬ್ಬರೂ ಸೇರಿದರೆ ಮನಿಗೆ ಒಂದು ಆಳು ಆಗ್ತದ," ಎಂದ. ಚಾವಡಿ ಘೊಳ್ಳೆಂದು ನಕ್ಕಿತು. ನಕ್ಕವರಲ್ಲಿ ಗಾದಿಲಿಂಗನ ಹಗ್ಗದಿಂದ ಎತ್ತು ಕಟ್ಟುವವರಿದ್ದರು, ಅವನ ಹಗ್ಗದಿಂದ ತೊಟ್ಟಿಲು ತೂಗುವವರಿದ್ದರು. ಗೌಡನೂ ಮೀಸೆಯ ಸಂದಿಯಲ್ಲಿ ನಕ್ಕ. ತೀರ್ಪು ಅಷ್ಟೇ.

ಮನೆಗೆ ಬಂದವನಿಗೆ ಹೊನ್ನೂರಮ್ಮ ಒಂದೇ ಮಾತು ಹೇಳಿದಳು. "ಅಣ್ಣಾ, ಕಲ್ಲಿನ ನೋವು ಹೆಂಗೋ ತಡಕೊಂಡೆ. ಅವರು ಅಂದ ಮಾತು ನನಗ ಬಾಯಿಪಾಠ ಇತ್ತಲ್ಲ, ಅದನ್ನ ತಡಕೊಳ್ಳಾಕ ಆಗವಲ್ದು. ನೀನೇ ಅಲ್ಲೇನು ಈ ಮನಿಯಾಗ ಕುಂತು ಕಲ್ತಿದ್ದು?" ಗಾದಿಲಿಂಗ ಅವತ್ತು ಉಣ್ಣಲಿಲ್ಲ. ಹೊರಗೆ ಹೇಗೋ ಒಳಗೂ ಹಾಗೇ ಎಂದು ಊರಿಗೆ ಕೂಗಿ ಕೂಗಿ ಕಲಿಸಿದವನು ತಾನು. ಬೇರೆ ಯಾರ ಕಂಠವೂ ಅಷ್ಟು ಚೆನ್ನಾಗಿರಲಿಲ್ಲ. ತನ್ನ ಬಾಯಿಂದ ಹೋದ ಮಾತೇ ಊರನ್ನೆಲ್ಲ ಸುತ್ತಿ ಕಲ್ಲಾಗಿ ತನ್ನ ಮನೆಗೆ ಬಂದಿದೆ. ಆ ವರ್ಷವಿಡೀ ಅವನು ಹಗ್ಗ ಹೊಸೆದ, ಮಾತಾಡಲಿಲ್ಲ. ಮುಂದಿನ ಆಟ ಹತ್ತಿರ ಬಂದಾಗ ಜಂಬಯ್ಯ ಅಂಜುತ್ತಲೇ ಬಂದು, "ಬರ್ತೀಯೋ ಇಲ್ಲೋ?" ಎಂದು ಕೇಳಿದ. "ಬರ್ತೀನಿ," ಎಂದ ಗಾದಿಲಿಂಗ. ಜಂಬಯ್ಯ ನಿಟ್ಟುಸಿರು ಬಿಟ್ಟು ಹೋದ. ಮನಸ್ಸು ಮುರಿದವನು ತಾನಾಗಿ ಮೆತ್ತಗಾಗಿದ್ದಾನೆ ಎಂದು ಊರವರೂ ತಿಳಿದರು. ಸುಮ್ಮನಿದ್ದವನನ್ನು ಸೋತವನು ಎಂದು ತಿಳಿಯುವುದು ಬಲಿತವರ ಹಳೆಯ ತಪ್ಪು.

ಹನ್ನೆರಡನೆಯ ವರ್ಷದ ಆಟ ಹಿಂದೆಂದೂ ಇಲ್ಲದಷ್ಟು ರಂಗೇರಿತು ಎನ್ನುತ್ತಾರೆ. ಮೂಡಲು ಕೆಂಪೇರುವಾಗ ಜಂಬಯ್ಯ ಕಡೆಯ ಪದ ಎತ್ತಿದ, ಮದ್ದಳೆ ಏರಿತು, ಚನ್ನವೀರ ಕತ್ತಿಯನ್ನು ಗಾದಿಲಿಂಗನ ಭುಜಕ್ಕೆ ತಾಗಿಸಿ ಎಂದಿನಂತೆ ಜನರ ಕಡೆ ತಿರುಗಿ ಕೈಯೆತ್ತಿದ. ಜನ ಮಡಿಲಿಗೆ ಕೈ ಹಾಕಿದರು. ಆದರೆ ರಕ್ಕಸ ನಿಂತೇ ಇದ್ದ. ಚನ್ನವೀರ ಹಿಂದೆ ನೋಡಿ ಇನ್ನೊಮ್ಮೆ ತಾಗಿಸಿದ, ಮತ್ತೊಮ್ಮೆ ತಾಗಿಸಿದ. "ಬೀಳಲೇ!" ಎಂದು ಹಲ್ಲು ಕಚ್ಚಿ ಪಿಸುಗುಟ್ಟಿದ. ಗಾದಿಲಿಂಗ ಗುಡ್ಡವೆಲ್ಲ ಕೇಳುವಂತೆ, "ಮರದ ಕತ್ತಿ ಐತಿ ಚನ್ನವೀರಾ, ತಾಗಲೇ ಇಲ್ಲ!" ಎಂದ. ಜನ ಹೊಸ ತಮಾಷೆ ಎಂದು ನಕ್ಕರು. ಜಂಬಯ್ಯ ಅದೇ ಪದವನ್ನು ಮೂರು ಸಲ ಹಾಡಿದ. ಮೂರನೆಯ ಸಲಕ್ಕೆ ನಗೆ ನಿಂತಿತು.

"ಊರ ದೈವದವರೇ," ಎಂದು ಕೂಡಿದ ಜನರನ್ನು ಕರೆದ ಗಾದಿಲಿಂಗ. ಅದು ಡೊಂಕಾಸುರನ ಕಂಠವಲ್ಲ, ಹಗ್ಗ ಮಾರುವವನ ಕಂಠ. ಆ ಕಂಠವನ್ನು ಬಹಳ ಜನ ಕೇಳಿದ್ದು ಅವತ್ತೇ ಮೊದಲು. "ಹನ್ನೊಂದು ವರ್ಷ ಬಿದ್ದೀನಿ. ಇವತ್ತು ಬೀಳಂಗಿಲ್ಲ. ನನ್ನ ತಂಗಿ ಕಣ್ಣು ಆಟದಾಗ ಹೋತು ಅಂತ ಚಾವಡ್ಯಾಗ ತೀರ್ಪು ಆಗೈತಿ. ಆಟದಾಗ ಹೋಗಿದ್ದಕ್ಕ ಆಟದಾಗೇ ನ್ಯಾಯ ಆಗಬೇಕು. ಅಲ್ಲಿ ತನಕ ನಾನು ಇಲ್ಲೇ ಅದೀನಿ."

ಒಂದು ಗಳಿಗೆ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಒಬ್ಬೊಬ್ಬರಿಗೇ ಹೊಳೆಯಿತು. ಇವನು ಬೀಳದಿದ್ದರೆ ಮಂಗಳವಿಲ್ಲ, ಮಂಗಳವಿಲ್ಲದಿದ್ದರೆ ಬೆಂಕಿಯಿಲ್ಲ, ಬೆಂಕಿಯಿಲ್ಲದಿದ್ದರೆ ಅನ್ನವಿಲ್ಲ. ಎಳೆದು ಕೆಡವೋಣವೆಂದರೆ ಮುಟ್ಟುವಂತಿಲ್ಲ. ಊರಿಗೆ ಊರೇ ಒಬ್ಬ ಕುಂಟನ ಕಾಲಿಗೆ ಕಟ್ಟುಬಿದ್ದಿತ್ತು. ಬಿಸಿಲೇರತೊಡಗಿತು. ಕೋಟೆಯೊಳಗೆ ಹಾಲು ಕರೆಯದ ಎಮ್ಮೆಗಳು ಒರಲತೊಡಗಿದವು. ಪಂಪನಗೌಡ ಮೊದಲು ಗದರಿದ, "ಮಂಗಳ ಆಗಲಿ, ನಿನ್ನ ಇನ್ನೊಂದು ಕಾಲೂ ಗಿಡ್ಡ ಮಾಡಸ್ತೀನಿ." "ಮಾಡಸ್ರಿ ಗೌಡ್ರೇ, ಎರಡೂ ಸಮ ಆಗ್ತಾವ," ಎಂದ ಗಾದಿಲಿಂಗ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡರು. ಆಮೇಲೆ ಗೌಡ ಎರಡು ಕೂರಿಗೆ ಎರೆಹೊಲ ಬರೆದುಕೊಡುತ್ತೇನೆ ಎಂದ. "ಕಣ್ಣು ಬಿತ್ತಿದರೆ ಕಣ್ಣು ಬೆಳೀತೈತೇನ್ರಿ ಆ ಹೊಲದಾಗ?" ಎಂದು ಗಾದಿಲಿಂಗ ಕೇಳಿದ.

ನಿಲ್ಲುವುದು ಅವನಿಗೆ ಸುಲಭವಾಗಿರಲಿಲ್ಲ. ಅವನದು ಕೂತು ಮಾಡುವ ಕಸುಬು. ಗಿಡ್ಡ ಕಾಲಿನ ಹೆಬ್ಬೆರಳು ಮಾತ್ರ ಚಪ್ಪಡಿಗೆ ತಾಗುತ್ತಿತ್ತು, ಮೈಭಾರವೆಲ್ಲ ಒಂದೇ ಕಾಲಿನ ಮೇಲೆ. ಚಪ್ಪಡಿ ಕಾದು ಹಂಚಾಯಿತು. ಮುಖದ ಇಂಗಳೀಕದ ಕೆಂಪೂ ಕಾಡಿಗೆಯೂ ಬೆವರಿಗೆ ಕರಗಿ ಎದೆಗಿಳಿಯಿತು. ಆ ಹೊತ್ತಿಗೆ ಒಬ್ಬ ತಾಯಿ ಮುಂದೆ ಬಂದು ಸೆರಗೊಡ್ಡಿದಳು. "ಗಾದಿಲಿಂಗಪ್ಪಾ, ನನ್ನ ಕೂಸಿಗೆ ಗಂಜಿ ಕಾಸಬೇಕೋ. ಬೀಳೋ ನಮ್ಮಪ್ಪಾ." ತನ್ನ ಹೆಸರಿಗೆ ಅಪ್ಪ ಸೇರಿಸಿ ಕರೆದದ್ದನ್ನು ಅವನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಅವನ ಮಂಡಿ ಸಡಿಲವಾಯಿತು. ಹುಲ್ಲಿನ ಗುಂಡಿ ಬೆನ್ನ ಹಿಂದೆಯೇ ಇತ್ತು, ತಂಪಾಗಿತ್ತು. ಅವನು ಜನರ ನಡುವೆ ತಂಗಿಯನ್ನು ಹುಡುಕಿದ. ಹೊನ್ನೂರಮ್ಮ ಎದ್ದು ನಿಂತಳು. ವರ್ಷದಿಂದ ಎಡಗಣ್ಣಿನ ಮೇಲೆ ಎಳೆದುಕೊಂಡಿದ್ದ ಸೆರಗನ್ನು ತೆಗೆದು, ಬತ್ತಿಹೋದ ಕಣ್ಣಿನ ಗುಳಿಯನ್ನು ಊರೆದುರು ತೆರೆದಿಟ್ಟು, ಉಳಿದ ಒಂದೇ ಕಣ್ಣಿನಿಂದ ಅಣ್ಣನನ್ನು ನೋಡಿದಳು. ಗಾದಿಲಿಂಗ ಮಂಡಿಯನ್ನು ಬಿಗಿಮಾಡಿದ.

ನೆರಳು ಗೇಣುದ್ದಕ್ಕೆ ಬಂದಾಗ ಗೌಡ ಸೋತು, "ಏನು ಬೇಕಲೇ ನಿನಗ?" ಎಂದ. ಗಾದಿಲಿಂಗ ಚನ್ನವೀರನ ಕಡೆ ಕೈ ತೋರಿಸಿದ. "ಇವನು ಬೀಳಲಿ. ನನ್ನ ಬಣ್ಣ ಹಚ್ಕೊಂಡು, ಡೊಂಕಾಸುರ ಆಗಿ ಬೀಳಲಿ. ಕಿರೀಟ ನನಗ ಕೊಡ್ಲಿ." ಎಲ್ಲರೂ ಜಂಬಯ್ಯನನ್ನು ನೋಡಿದರು. ಹಸಿದ ಜಂಬಯ್ಯ ತಲೆ ಕೆರೆದುಕೊಂಡು, "ಪದದಾಗ ಡೊಂಕಾಸುರ ಬೀಳಬೇಕು ಅಂತ ಐತಿ. ಇಂಥವನೇ ಬೀಳಬೇಕು ಅಂತ ಎಲ್ಲೂ ಇಲ್ಲ," ಎಂದ. ಗೌಡನಿಗೆ ಜೀವ ಬಂದಂತಾಯಿತು. ಇಷ್ಟೇನೇ ಎಂದುಕೊಂಡ. ಆಟವೆಂದರೆ ಬರೀ ಆಟ ಎಂದು ಊರಿಗೆಲ್ಲ ಹೇಳಿದವನು ಅದನ್ನು ನಿಜವಾಗಿಯೂ ನಂಬಿದ್ದ. "ಹಚ್ಕೊ ಮಗನ, ಬಣ್ಣಕ್ಕೇನು, ತೊಳೆದ್ರ ಹೋಗ್ತೈತಿ," ಎಂದು ತಾನೇ ಹೇಳಿದ. ಕಟ್ಟೆಯ ಮೇಲಿದ್ದ ಮೇಳದವರೇ ಚನ್ನವೀರನ ಅರದಾಳ ಒರೆಸಿ ಇಂಗಳೀಕ ಬಳಿದರು, ಕಾಡಿಗೆ ಬಳಿದರು. ಪೆಟ್ಟಿಗೆಯ ತಳದಿಂದ ಇಲಿ ಕಡಿದ ಹಳೆಯ ದಿಂಬು ತೆಗೆದು ಬೆನ್ನಿಗೆ ಕಟ್ಟಿದರು. ನೆಟ್ಟಗಿನ ಕಾಲು ಡೊಂಕಾಗಬೇಕಲ್ಲ, ಅದನ್ನು ಮಡಿಸಿ ಹಗ್ಗ ಬಿಗಿದದ್ದು ಗಾದಿಲಿಂಗ. ಅವನು ಕಟ್ಟಿದ ಗಂಟು ಎತ್ತು ಜಗ್ಗಿದರೂ ಬಿಚ್ಚುತ್ತಿರಲಿಲ್ಲ. ಆಮೇಲೆ ಅವನು ಕಿರೀಟವನ್ನು ತಲೆಗಿಟ್ಟುಕೊಂಡು ಮರದ ಕತ್ತಿ ಹಿಡಿದ. ಗೂನುಬೆನ್ನಿನ ಮೇಲೆ ಕಿರೀಟ ಹೊಳೆಯುವುದನ್ನು ನೋಡಿ ಯಾರೂ ನಗಲಿಲ್ಲ.

ಹೇಗೆ ಬೀಳಬೇಕೆಂದು ಚನ್ನವೀರನಿಗೆ ಗೊತ್ತಿರಲಿಲ್ಲ. ಗಾದಿಲಿಂಗನಿಗೆ ಗೊತ್ತಿತ್ತು. ಹೇಳಬಹುದಿತ್ತು, ಅಷ್ಟು ಹತ್ತಿರದಲ್ಲೇ ನಿಂತಿದ್ದ. ಹೇಳಲಿಲ್ಲ. ಜಂಬಯ್ಯ ಕಡೆಯ ಪದ ಹಾಡಿದ. ಗಾದಿಲಿಂಗ ಜಯಕೇತುವಿನ ಮಾತನ್ನು ಬಾಯಿಗೆ ತರದೆ ಕತ್ತಿಯನ್ನು ಭುಜಕ್ಕೆ ಮೆಲ್ಲಗೆ ತಾಗಿಸಿದ. ಒಂಟಿಕಾಲಿನ ಚನ್ನವೀರ, ಹುಟ್ಟಿದಾಗಿನಿಂದ ಜನರ ಕಡೆಗೇ ಮುಖ ಮಾಡಿ ನಿಂತವನು, ಮುಂದಕ್ಕೇ ಬಿದ್ದ. ಕಟ್ಟೆಯಿಂದ ಕಲ್ಲಿನ ಇಳಿಜಾರಿಗೆ ಬಿದ್ದು, ಕಟ್ಟಿದ ಕಾಲು ಮೈಯಡಿಗೆ ಸಿಕ್ಕಿ ಲಟಕ್ಕೆಂದಿತು. ಜನ ನೋಡಿದ್ದು ಗೌಡನ ಮಗನನ್ನಲ್ಲ. ಕೆಂಪು ಕಪ್ಪು ಮೋರೆ, ಗೂನು, ಮಡಿಸಿದ ಕಾಲು. ಹಸಿದ ಹೊಟ್ಟೆ, ಸುಟ್ಟ ನೆತ್ತಿ, ವರ್ಷವರ್ಷದ ರೂಢಿ. "ಬಿತ್ತೋ ಡೊಂಕು!" ಎಂದು ಸಾವಿರ ಬಾಯಿ ಕೂಗಿದವು, ಸಾವಿರ ಕೈ ಎಸೆದವು. ಗೌಡ ಕೈ ಅಡ್ಡ ಮಾಡುತ್ತ ಓಡಿಬಂದ. "ನಿಲ್ಲಸ್ರಲೇ! ನನ್ನ ಮಗ ಅವನು! ನನ್ನ ಮಗ!" ಎಂದು ಒರಲಿದ. ಕೂಗಿನಲ್ಲಿ ಅದು ಯಾರಿಗೂ ಕೇಳಿಸಲಿಲ್ಲ, ಕೇಳಿಸಿದ್ದು ಕಟ್ಟೆಯ ಮೇಲಿದ್ದವನಿಗೆ ಮಾತ್ರ. "ಯಾರ ಮಗ ಗೌಡ್ರೇ? ಅಲ್ಲಿ ಬಿದ್ದಿರೋನು ಡೊಂಕಾಸುರ," ಎಂದ ಗಾದಿಲಿಂಗ.

ಮಂಗಳವಾಯಿತು. ಸೂರ್ಯ ನೆತ್ತಿಗೆ ಬರಲು ಇನ್ನೂ ಒಂದು ಗಳಿಗೆ ಇತ್ತು. ಗೌಡ ಮಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, "ಹಿಡೀರಲೇ ಆ ಕುಂಟನ್ನ!" ಎಂದು ಕೂಗಿದ. ಹಿಡಿಯಲು ಯಾರೂ ನಿಂತಿರಲಿಲ್ಲ. ಬೆಂಕಿ ಸಿಕ್ಕಿತ್ತು, ಊರವರು ಉರಿಯುವ ಸೌದೆ ಹಿಡಿದು ಮನೆಗೆ ಓಡುತ್ತಿದ್ದರು. ಮರುದಿನ ಚಾವಡಿ ಸೇರಿಸಿದರೂ ನ್ಯಾಯ ಹೇಳುವವರು ಸಿಗಲಿಲ್ಲ. ಕಲ್ಲೆಸೆದವರು ಯಾರು ಎಂದರೆ ಊರೆಲ್ಲ. ಮಗನ ಕಾಲು ಕಟ್ಟಲು ಒಪ್ಪಿದವರು ಯಾರು ಎಂದರೆ ಗೌಡನೇ. ಆಟದ ತಪ್ಪನ್ನು ಚಾವಡಿಗೆ ತರಬಾರದು ಎಂದು ತೀರ್ಪು ಕೊಟ್ಟವನೂ ಅವನೇ.

ಚನ್ನವೀರನ ಕಾಲು ಕೂಡಿಕೊಂಡಿತು, ಆದರೆ ಡೊಂಕಾಗಿ ಕೂಡಿಕೊಂಡಿತು. ಮೋರೆಯ ಮೇಲೆ ಕಲ್ಲಿನ ಗಾಯಗಳು ಗಂಟುಗಂಟಾಗಿ ಮಾದವು. ಅವನು ಕೋಲು ಹಿಡಿದು ಹೊರಗೆ ಬಂದ ಮೊದಲ ದಿನವೇ ಓಣಿಯ ಹುಡುಗರು ಅವನ ಹಿಂದೆ ಬಿದ್ದು "ಡೊಂಕಾಸುರ!" ಎಂದು ಕೂಗಿದರು. ಅವರಿಗೆ ಬೇರೆ ಪದ ಯಾರೂ ಕಲಿಸಿರಲಿಲ್ಲ. ಆ ಕೂಗು ಕೇಳಿ ಗಾದಿಲಿಂಗನಿಗೆ ಸಂತೋಷವಾಯಿತೇ ಎಂದು ಈಗಿನವರು ಕೇಳುತ್ತಾರೆ. ಆಯಿತು. ಸುಳ್ಳು ಯಾಕೆ ಹೇಳಬೇಕು? ಆದರೆ ಅಗಸೆಯ ಬಳಿ ಕೂತಿದ್ದ ಅವನೂ ಆ ಕೂಗಿಗೆ ತಿರುಗಿ ನೋಡಿದ್ದ, ಓಣಿಯ ನಡುವೆ ಚನ್ನವೀರನೂ ತಿರುಗಿ ನೋಡಿದ್ದ. ಒಂದೇ ಹೆಸರಿಗೆ ಇಬ್ಬರ ತಲೆ ತಿರುಗಿತ್ತು. ಗಾದಿಲಿಂಗ ಕಣ್ಣು ಕೆಳಗೆ ಮಾಡಿ ಮತ್ತೆ ಹಗ್ಗ ಹೊಸೆದ.

ಕೆಲವು ತಿಂಗಳ ಮೇಲೆ ಚನ್ನವೀರ ಅವರ ಮನೆಯ ಬಾಗಿಲಿಗೆ ಬಂದ ಎನ್ನುತ್ತಾರೆ. ಹೊನ್ನೂರಮ್ಮ ಬಾಗಿಲು ತೆರೆದಳು.

"ಯಾರು?"

"ನಾನು, ಚನ್ನವೀರ."

"ಊರಾಗ ನಿನ್ನ ಆ ಹೆಸರಿಂದ ಈಗ ಯಾರೂ ಕರೆಯೋದಿಲ್ಲಂತಲ್ಲ?"

"ಇಲ್ಲವ್ವಾ. ನೀನಾದರೂ ಕರಿ."

"ನನ್ನ ಕೈಲಿ ಆಗೋದಿಲ್ಲ," ಎಂದು ಬಾಗಿಲು ಹಾಕಿಕೊಂಡಳು. ಕ್ಷಮಿಸಿದಳು ಎಂದು ಕಥೆ ಹಾಡುವ ದಾಸಯ್ಯಂದಿರೂ ಇದ್ದಾರೆ, ಅವರು ಮುದ್ದನಹಾಳಿನವರಲ್ಲ.

ಆ ವರ್ಷದಿಂದ ಡೊಂಕಾಸುರನ ವೇಷಕ್ಕೆ ಆಳು ಸಿಗಲಿಲ್ಲ. ಡೊಂಕಿದ್ದವರೂ ಬರಲಿಲ್ಲ, ನೆಟ್ಟಗಿದ್ದವರೂ ಬರಲಿಲ್ಲ. ಆಟ ನಿಂತುಹೋಯಿತು, ಕಟ್ಟೆ ಉಳಿಯಿತು, ಹೆಸರು ಉಳಿಯಿತು. ಈಗ ಮುದ್ದನಹಾಳಿನ ಮನೆಮನೆಯಲ್ಲೂ ಗ್ಯಾಸ್ ಒಲೆ, ಆದರೂ ಹರಕೆಯ ದಿನ ಸಂಜೆ ಎಲ್ಲರೂ ಒಲೆ ಆರಿಸುತ್ತಾರೆ. ಬೆಳಗ್ಗೆ ಗುಡ್ಡಕ್ಕೆ ಹೋದವರಿಗೆ ಒಂದು ನೋಟ ಕಾಣುತ್ತದೆ. ಜಂಬಯ್ಯನ ವಂಶದವರೊಬ್ಬರು ಖಾಲಿ ಕಟ್ಟೆಯ ಮೇಲೆ ನಿಂತು ಮದ್ದಳೆಗೆ ಒಂದು ಪೆಟ್ಟು ಹಾಕಿ, "ಡೊಂಕಾಸುರ ಆಗಿ ಯಾರು ಬೀಳ್ತೀರಿ?" ಎಂದು ಮೂರು ಸಲ ಕೇಳುತ್ತಾರೆ. ಇಳಿಜಾರಿನ ಕೆಳಗೆ ನಿಂತ ಅಷ್ಟೂ ಜನ ನೆಲ ನೋಡುತ್ತಾರೆ. ಮೂರನೆಯ ಕೂಗಿಗೂ ಯಾರೂ ಮಾತಾಡದಿದ್ದರೆ, ಯಾರನ್ನೂ ಬೀಳಿಸದೆ ಪಂಜು ಹೊತ್ತಿಸಿ ಬೆಂಕಿ ಕೊಡುತ್ತಾರೆ. ಈಚೆಗೆ ಒಂದು ವರ್ಷ ಪಟ್ಟಣದಿಂದ ಬಂದ ತರುಣನೊಬ್ಬ, ತಂಪುಗನ್ನಡಕ ಹಣೆಗೇರಿಸಿಕೊಂಡು, ಗೆಳೆಯರಿಗೆ ವಿಡಿಯೊ ಹಿಡಿಯಲು ಹೇಳಿ, "ನಾನು ಬೀಳ್ತೀನಿ!" ಎಂದು ನಗುತ್ತ ಕೈಯೆತ್ತಿದನಂತೆ. ಜನ ತಲೆಯೆತ್ತಿ ಅವನನ್ನು ನೋಡಿ, ನೊರಜುಗಲ್ಲು ಕಟ್ಟಿದ್ದ ಮಡಿಲಿಗೆ ಕೈ ಹಾಕಿದರು. ಪಕ್ಕದಲ್ಲಿದ್ದ ಮುದುಕಿಯೊಬ್ಬಳು ಅವನ ತೋಳು ಸವರಿ, "ಬೀಳಪ್ಪಾ, ಬೀಳು. ಕೆಳಗ ನಾವೆಲ್ಲಾ ಅದೀವಿ," ಎಂದಳು. ಅವನು ಕೈ ಇಳಿಸಿದ.